ಲಡಾಖಿನ ಎತ್ತರದಲ್ಲಿ ರಾತ್ರಿ ಆಕಾಶದ ಫೋಟೋಗೆ ಜಾಗ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಮುಖ್ಯವಾಗಿ ಲಡಾಖಿಗೆ ಸಂಬಂಧಿಸಿದವು, ಹಿಮಾಚಲದ ಸ್ಪಿತಿ ಕಣಿವೆಯ ಮಾತು ಸ್ವಲ್ಪ ಇದೆ. ಕೊಟ್ಟಿರುವ ವೇಳೆಗಳೆಲ್ಲ ಲಡಾಖಿನ ಹಾನ್ಲೆ ಎಂಬ ಊರಿನ ಅಕ್ಷಾಂಶಕ್ಕೆ (ಸುಮಾರು 32.8 ಡಿಗ್ರಿ ಉತ್ತರ) ಲೆಕ್ಕ ಹಾಕಿದವು. ಲಡಾಖಿನ ಬೇರೆ ಕಡೆ ಹತ್ತು-ಹದಿನೈದು ನಿಮಿಷ ಆಚೀಚೆ ಆಗಬಹುದು.

ಎತ್ತರ ಹೆಚ್ಚಾದಷ್ಟೂ ಆಕಾಶ ಚೆನ್ನಾಗಿ ಕಾಣುತ್ತದೆ, ಅಲ್ಲವೇ?

ಒಂದು ಮಟ್ಟದವರೆಗೆ ಹೌದು. 4,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಶೇ. 58ರಷ್ಟು ಮಾತ್ರ. ದೂಳು, ತೇವ ಬಹುಪಾಲು ಕೆಳಗೇ ಉಳಿದಿರುತ್ತವೆ. ಹಾಗಾಗಿ ದಿಗಂತದ ಹತ್ತಿರದ ನಕ್ಷತ್ರಗಳೂ ಮಂಕಾಗದೆ ಕಾಣುತ್ತವೆ.

ಆದರೆ ಎತ್ತರ ಇದ್ದಲ್ಲೆಲ್ಲ ಕತ್ತಲೆ ಇರಬೇಕೆಂದಿಲ್ಲ. ಲೇಹ್ ಪಟ್ಟಣ 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಹೋಟೆಲ್ ಚಾವಣಿಯಿಂದ ತೆಗೆದ ಚಿತ್ರದ ಬುಡದಲ್ಲಿ ಬೀದಿದೀಪಗಳ ಹೊಳಪು ಖಂಡಿತ ಇರುತ್ತದೆ. ಅದೇ ಪಟ್ಟಣದಿಂದ 30-40 ಕಿ.ಮೀ. ದೂರ ಹೋಗಿ, ನಡುವೆ ಒಂದು ಬೆಟ್ಟಸಾಲು ಅಡ್ಡ ಬರುವಂತೆ ನಿಂತರೆ ಬೇರೆ ಲೋಕ. ದೀಪದ ನೇರ ಬೆಳಕನ್ನು ತಡೆಯುವ ಗೋಡೆ ಬೆಟ್ಟವೇ.

ಇನ್ನೂ ಒಂದು ಮಾತು. ಆಮ್ಲಜನಕ ಕಡಿಮೆಯಾದರೆ ಮೊದಲು ಸೊರಗುವುದು ರಾತ್ರಿ ದೃಷ್ಟಿ. 5,798 ಮೀಟರ್ ಎತ್ತರದ ಉಮ್ಲಿಂಗ್ ಲಾ ಕಣಿವೆಮಾರ್ಗಕ್ಕೆ ರಾತ್ರಿ ಹೋಗಿ ನಿಂತರೆ ಬರಿಗಣ್ಣಿಗೆ ನಕ್ಷತ್ರಗಳು ಹೆಚ್ಚಾಗಿ ಕಾಣುವ ಬದಲು ಕಡಿಮೆ ಕಂಡರೂ ಆಶ್ಚರ್ಯವಿಲ್ಲ. ಈ ಕೆಲಸಕ್ಕೆ 4,000ದಿಂದ 4,500 ಮೀಟರ್ ಧಾರಾಳ ಸಾಕು.

ಆಕಾಶಗಂಗೆಯ ನಡುಭಾಗ ಹಿಮಾಲಯದಲ್ಲಿ ಬೆಂಗಳೂರಿಗಿಂತ ಮೇಲೆ ಕಾಣುತ್ತದೆಯೇ?

ಇಲ್ಲ, ಕೆಳಗೆ ಕಾಣುತ್ತದೆ. ಜಾಗ ಹುಡುಕುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಆಕಾಶಗಂಗೆಯ ಕೇಂದ್ರ ಇರುವುದು ಧನು ರಾಶಿಯಲ್ಲಿ, ವೃಶ್ಚಿಕದ ಬಾಲದ ಮೂಲಾ ನಕ್ಷತ್ರದಿಂದ ಅಷ್ಟೇನೂ ದೂರವಿಲ್ಲದ ಕಡೆ. ಖಗೋಳ ವಿಷುವದ್ವೃತ್ತದಿಂದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆ) ಅದು 29 ಡಿಗ್ರಿ ದಕ್ಷಿಣಕ್ಕಿದೆ. ಬೆಂಗಳೂರಿನಲ್ಲಿ ಅದು ಅತಿ ಹೆಚ್ಚೆಂದರೆ ದಿಗಂತದಿಂದ 48 ಡಿಗ್ರಿ ಮೇಲೇರುತ್ತದೆ. ಹಾನ್ಲೆಯಲ್ಲಿ ಬರೀ 28 ಡಿಗ್ರಿ. ಕೈ ನೀಡಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಮೂರು ಮುಷ್ಟಿಯೂ ತುಂಬುವುದಿಲ್ಲ.

ನಮ್ಮ ಬಯಲುಸೀಮೆಯಲ್ಲಿ ದಕ್ಷಿಣಕ್ಕೆ ಏನಿದೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಹೆಚ್ಚೆಂದರೆ ಒಂದು ತೆಂಗಿನ ತೋಟ. ಪರ್ವತ ಕಣಿವೆಯಲ್ಲಿ ದಕ್ಷಿಣದ ಗೋಡೆಯೇ 20 ಡಿಗ್ರಿ ನುಂಗಿಹಾಕಬಹುದು. ಆಗ ಎಷ್ಟೇ ಕಡುಗತ್ತಲೆ ಇದ್ದರೂ ನಿಮಗೆ ಬೇಕಾದದ್ದು ಬೆಟ್ಟದ ಹಿಂದೆ ಉಳಿಯುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ದಕ್ಷಿಣ ದಿಗಂತ, ಆಮೇಲೆ ಕತ್ತಲೆ, ಕೊನೆಗೆ ಎತ್ತರ.

ನಕ್ಷತ್ರಗಳು ಸುತ್ತುವ ಗೆರೆಗಳ ಚಿತ್ರ ಬೇಕಿದ್ದರೆ ಲೆಕ್ಕ ತಿರುಗುಮುರುಗು. ಧ್ರುವ ನಕ್ಷತ್ರ ಬೆಂಗಳೂರಿನಲ್ಲಿ 13 ಡಿಗ್ರಿ ಮೇಲಿದ್ದರೆ ಹಾನ್ಲೆಯಲ್ಲಿ ಸುಮಾರು 33 ಡಿಗ್ರಿ ಮೇಲಿರುತ್ತದೆ. ಉತ್ತರಕ್ಕೆ ದೊಡ್ಡ ಬೆಟ್ಟವಿದ್ದರೂ ತೊಂದರೆಯಿಲ್ಲ, ಚಿತ್ರಕ್ಕೆ ಅದು ಒಳ್ಳೆಯದೇ.

ಬೆಟ್ಟ ಎಷ್ಟು ಅಡ್ಡ ಬರುತ್ತದೆಂದು ಮನೆಯಲ್ಲೇ ಲೆಕ್ಕ ಹಾಕಬಹುದೇ?

ಹಾಕಬಹುದು, ಹಾಕಲೇಬೇಕು. ಗೂಗಲ್ ಅರ್ಥ್‌ನಲ್ಲಿ ನೀವು ನಿಲ್ಲುವ ಜಾಗದ ಎತ್ತರ ಬರೆದುಕೊಳ್ಳಿ. ಅಲ್ಲಿಂದ ದಕ್ಷಿಣಕ್ಕೂ ನೈರುತ್ಯಕ್ಕೂ ಒಂದೊಂದು ಗೆರೆ ಎಳೆದು, ಆ ಗೆರೆಯಲ್ಲಿ ಸಿಗುವ ಬೆಟ್ಟದ ನೆತ್ತಿಯ ಎತ್ತರ ಮತ್ತು ಅಲ್ಲಿಗಿರುವ ದೂರ ನೋಡಿ. ಎತ್ತರದ ವ್ಯತ್ಯಾಸವನ್ನು ದೂರದಿಂದ (ಎರಡೂ ಮೀಟರ್‌ನಲ್ಲಿರಲಿ) ಭಾಗಿಸಿ 57ರಿಂದ ಗುಣಿಸಿದರೆ ಹೆಚ್ಚುಕಡಿಮೆ ಡಿಗ್ರಿ ಬರುತ್ತದೆ.

ಬೆಟ್ಟ ನಿಮಗಿಂತ 900 ಮೀಟರ್ ಮೇಲಿದ್ದು 3 ಕಿ.ಮೀ. ದೂರದಲ್ಲಿದ್ದರೆ ಅದು 17 ಡಿಗ್ರಿ ಮುಚ್ಚುತ್ತದೆ. ನೀವೇ 3 ಕಿ.ಮೀ. ಹಿಂದೆ ಸರಿದು ದೂರವನ್ನು 6 ಕಿ.ಮೀ. ಮಾಡಿಕೊಂಡರೆ ಎಂಟೂವರೆ ಡಿಗ್ರಿಗೆ ಇಳಿಯುತ್ತದೆ. ಎದುರು ಬೆಟ್ಟದಿಂದ ದೂರ ಸರಿಯುವುದು ಇನ್ನೊಂದು ಬೆಟ್ಟ ಹತ್ತುವುದಕ್ಕಿಂತ ಸುಲಭ, ಲಾಭವೂ ಹೆಚ್ಚು. ಒಟ್ಟಿನಲ್ಲಿ ದಕ್ಷಿಣದಿಂದ ನೈರುತ್ಯದವರೆಗೆ 10 ಡಿಗ್ರಿಗಿಂತ ಕಡಿಮೆ ಅಡ್ಡವಿರುವ ಜಾಗ ಸಿಕ್ಕರೆ ಬಿಡಬೇಡಿ.

ಸ್ಟೆಲೇರಿಯಮ್, ಫೋಟೋಪಿಲ್ಸ್, ಪೀಕ್‌ಫೈಂಡರ್ ಆ್ಯಪ್‌ಗಳು ಇದೇ ಕೆಲಸವನ್ನು ಇನ್ನೂ ಚೆಂದವಾಗಿ ಮಾಡಿಕೊಡುತ್ತವೆ. ಬೇಕಾದ ನಕ್ಷೆಗಳನ್ನು ಲೇಹ್ ಬಿಡುವ ಮೊದಲೇ ಇಳಿಸಿಟ್ಟುಕೊಳ್ಳಿ.

ಯಾವ ತಿಂಗಳು ಹೋಗಬೇಕು? ಯಾವ ತಿಥಿ?

ಗೋಡೆ ಕ್ಯಾಲೆಂಡರ್ ತೆಗೆದು ಮಹಾಲಯ ಅಮಾವಾಸ್ಯೆ ಎಂದಿದೆ ನೋಡಿ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ ಬರುವ ಆ ವಾರದಲ್ಲಿ ಮುಂಗಾರಿನ ಮೋಡ ಸರಿದಿರುತ್ತದೆ, ಮಾರ್ಗಗಳು ತೆರೆದಿರುತ್ತವೆ, ಚಳಿ ಇನ್ನೂ ತಡೆದುಕೊಳ್ಳುವಷ್ಟೇ ಇರುತ್ತದೆ. ಭಾದ್ರಪದ ಬಹುಳ ಅಷ್ಟಮಿಯಿಂದ ಆಶ್ವಯುಜ ಶುದ್ಧ ಬಿದಿಗೆಯವರೆಗೂ ಸಂಜೆಯ ಹೊತ್ತು ಚಂದ್ರನ ಕಾಟ ಇಲ್ಲ. ಪಿತೃಪಕ್ಷದ ಕಾರ್ಯ ತಪ್ಪಿಸಲಾಗದವರಿಗೆ ಮಾತ್ರ ಇಕ್ಕಟ್ಟು.

ಆದರೆ ವೇಳೆ ತುಂಬ ಕಡಿಮೆ. ಸೆಪ್ಟೆಂಬರ್ 22ರ ಸುಮಾರಿಗೆ ಸಂಜೆ 7:40ಕ್ಕೆ ಪೂರ್ತಿ ಕತ್ತಲಾಗುತ್ತದೆ. ಆಗ ಆಕಾಶಗಂಗೆಯ ಕೇಂದ್ರ ದಕ್ಷಿಣದಿಂದ ಸ್ವಲ್ಪ ಪಶ್ಚಿಮಕ್ಕೆ, 24 ಡಿಗ್ರಿ ಮೇಲೆ. 9:15ರ ಹೊತ್ತಿಗೆ ನೈರುತ್ಯದಲ್ಲಿ ಒಂದೂವರೆ ಮುಷ್ಟಿಗಿಂತ ಕೆಳಗೆ. ಹತ್ತೂವರೆಗೆ ಮುಳುಗಿಯೇ ಹೋಗುತ್ತದೆ, ಅದೂ ಬೆಟ್ಟ ಅಡ್ಡ ಇಲ್ಲದಿದ್ದರೆ. ಅಕ್ಟೋಬರ್ ಮಧ್ಯಕ್ಕೆ ಹೋದವರಿಗೆ ಒಂಬತ್ತಕ್ಕೇ ಆಟ ಮುಗಿಯುತ್ತದೆ. ನಿಧಾನವಾಗಿ ಊಟ ಮುಗಿಸಿ ಹತ್ತು ಗಂಟೆಗೆ ಹೊರಟವರಿಗೆ ಸಿಗುವುದು ಆಕಾಶಗಂಗೆಯ ಮಂಕಾದ ಭಾಗ ಮಾತ್ರ.

ಮೇ ಕೊನೆಯಲ್ಲಿ ಇದಕ್ಕಿಂತ ನಿರಾಳ. ಕೇಂದ್ರ ರಾತ್ರಿ 9:15ರ ಸುಮಾರಿಗೆ ಆಗ್ನೇಯದಲ್ಲಿ ಹುಟ್ಟಿ ಪೌಣೆ ಎರಡರ ಹೊತ್ತಿಗೆ ನೇರ ದಕ್ಷಿಣಕ್ಕೆ ಬರುತ್ತದೆ, ಮೂರೂವರೆಯವರೆಗೂ ಕತ್ತಲಿರುತ್ತದೆ. ಜುಲೈ-ಆಗಸ್ಟ್‌ನಲ್ಲಿ ಲಡಾಖ್ ಮಳೆನೆರಳಿನ ಪ್ರದೇಶವಾದರೂ ಮೋಡ ನುಸುಳಿ ಬರುತ್ತದೆ. ಇರುವುದು ಮೂರೇ ರಾತ್ರಿ ಎನ್ನುವವರು ಆ ಎರಡು ತಿಂಗಳು ನಂಬಿಕೊಂಡು ಹೋಗಬಾರದು.

ಪಾಡ್ಯದಿಂದ ಹುಣ್ಣಿಮೆವರೆಗೆ ಎಲ್ಲ ದಿನವೂ ಕೆಟ್ಟದ್ದೇನಲ್ಲ. ಬಿದಿಗೆ-ತದಿಗೆಯ ಎಳೆ ಚಂದ್ರ ಪಶ್ಚಿಮದಿಂದ ಬೆಟ್ಟಗಳ ಮೇಲೆ ಓರೆ ಬೆಳಕು ಚೆಲ್ಲಿ ಬೇಗ ಮುಳುಗುತ್ತದೆ. ಮುಂಭಾಗದ ನೆಲವನ್ನು ಆ ಬೆಳಕಿನಲ್ಲಿ ತೆಗೆದುಕೊಂಡು, ಟ್ರೈಪಾಡ್ ಅಲುಗಿಸದೆ ಕಾದು ಆಕಾಶವನ್ನು ಆಮೇಲೆ ತೆಗೆಯಬಹುದು.

ಪ್ಯಾಂಗಾಂಗ್ ನೀರಿನಲ್ಲಿ ಆಕಾಶಗಂಗೆಯ ಪ್ರತಿಬಿಂಬ ಸಿಗುತ್ತದೆಯೇ?

ಪ್ರವಾಸಿಗರು ಉಳಿದುಕೊಳ್ಳುವ ಸ್ಪಾಂಗ್ಮಿಕ್, ಮಾನ್, ಮೆರಾಕ್ ಎಲ್ಲವೂ ಸರೋವರದ ದಕ್ಷಿಣ-ಪಶ್ಚಿಮ ದಡದಲ್ಲಿವೆ. ಅಲ್ಲಿ ನಿಂತರೆ ನೀರು ಉತ್ತರ-ಪೂರ್ವಕ್ಕೆ, ಆಕಾಶಗಂಗೆಯ ನಡುಭಾಗ ಬೆನ್ನ ಹಿಂದೆ ಬೆಟ್ಟದ ಮೇಲೆ. ನೀರಿನಲ್ಲಿ ಅದು ಬರುವುದಿಲ್ಲ. ಆ ದಡದಿಂದ ಸಿಗುವುದು ಧ್ರುವ ನಕ್ಷತ್ರದ ಸುತ್ತಿನ ಗೆರೆಗಳು, ಶರತ್ಕಾಲದಲ್ಲಿ ಏರಿ ಬರುವ ಕೃತ್ತಿಕಾ. ಅದೇನು ಕಡಿಮೆ ಚಿತ್ರವಲ್ಲ, ಬಯಸಿದ್ದು ಬೇರೆ ಅಷ್ಟೇ.

ಸರೋವರದ ವಾಯವ್ಯ ತುದಿಯಲ್ಲಿರುವ ಲುಕುಂಗ್‌ನಿಂದ ನೋಡಿದರೆ ನೀರು ಆಗ್ನೇಯಕ್ಕೆ ಚಾಚಿಕೊಂಡಿರುತ್ತದೆ. ಆಕಾಶಗಂಗೆಯ ಕೇಂದ್ರ ಹುಟ್ಟುವುದು ಉತ್ತರದಿಂದ ಅಳೆದರೆ 125 ಡಿಗ್ರಿ ದಿಕ್ಕಿನಲ್ಲಿ, ಅಂದರೆ ಆಗ್ನೇಯದಲ್ಲೇ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿರುವುದರಿಂದ ಇದಕ್ಕೆ ಮೇ ಕೊನೆ ಸರಿ. ಸಂಜೆ ಗಾಳಿಗೆ ನೀರು ಅಲೆಯಾಡುತ್ತಿದ್ದರೆ ಅದು ಇಳಿಯುವವರೆಗೆ ಕಾಯಬೇಕು. ಸಾಮಾನ್ಯವಾಗಿ ಬೆಳಗಿನ ಜಾವವೇ ಶಾಂತ.

ತ್ಸೊ ಮೊರಿರಿ ಉತ್ತರ-ದಕ್ಷಿಣವಾಗಿ ಮಲಗಿರುವ ಸರೋವರ, 4,500 ಮೀಟರ್‌ಗಿಂತ ತುಸು ಮೇಲೆ. ಅದರ ಉತ್ತರ ತುದಿಯಿಂದ ದಕ್ಷಿಣಕ್ಕೆ ನೋಡಿದರೆ ಎದುರಿಗೆ ನೀರೇ ನೀರು. ಪ್ರತಿಬಿಂಬದ ಆಸೆಗೆ ಪ್ಯಾಂಗಾಂಗ್‌ಗಿಂತ ಇದೇ ವಾಸಿ. ಇದು ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದಡಿ ಗುರುತಿಸಿದ ಜೌಗುಪ್ರದೇಶ. ಬೇಸಿಗೆಯಲ್ಲಿ ದಡದ ಹುಲ್ಲಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು, ಕಪ್ಪುಕೊರಳಿನ ಕ್ರೌಂಚ ಪಕ್ಷಿಗಳು ಗೂಡು ಮಾಡಿರುತ್ತವೆ. ಹಗಲಿನಲ್ಲೇ ಜಾಗ ಗುರುತಿಸಿಕೊಂಡು, ರಾತ್ರಿ ಆ ಒಂದು ದಾರಿ ಬಿಟ್ಟು ಬೇರೆಡೆ ಕಾಲಿಡಬೇಡಿ.

ಎಲ್ಲರೂ ಹಾನ್ಲೆ ಎನ್ನುವುದು ಏಕೆ?

ಕಣಿವೆ ಅಗಲವಾಗಿದೆ, ಬೆಟ್ಟಗಳು ದೂರ ಸರಿದು ನಿಂತಿವೆ, ಗಾಳಿ ಒಣಗಿದೆ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ದೂರದರ್ಶಕಕ್ಕೆ ಜಾಗ ಹುಡುಕಿದಾಗ ನೋಡಿದ್ದೂ ಇಂಥವನ್ನೇ. ಸಂಸ್ಥೆ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ನೀಲಂಖುಲ್ ಬಯಲಿನ ನಡುವಿನ ಸರಸ್ವತಿ ಬೆಟ್ಟದ ಮೇಲೆ, 4,500 ಮೀಟರ್ ಎತ್ತರದಲ್ಲಿ ಅದರ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ.

2022ರ ಡಿಸೆಂಬರ್‌ನಲ್ಲಿ ಇಲ್ಲಿನ 1,073 ಚದರ ಕಿ.ಮೀ. ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ರಾತ್ರಿ ಹೊತ್ತು ವಾಹನದ ಹೆಡ್‌ಲೈಟ್, ಬಿಳಿ ಟಾರ್ಚ್, ಹಸಿರು ಲೇಸರ್ ಇವಕ್ಕೆಲ್ಲ ಅಂಕುಶವಿದೆ. ಜಾಗಕ್ಕೆ ಕತ್ತಲಾಗುವ ಮೊದಲೇ ಗಾಡಿ ತಂದು ನಿಲ್ಲಿಸಿ, ಕೆಲಸ ಮುಗಿಯುವವರೆಗೆ ಅಲ್ಲೇ ಇರುವುದು ವಾಡಿಕೆ. ರಾತ್ರಿ ವೀಕ್ಷಣಾಲಯದ ಬೆಟ್ಟ ಹತ್ತುವ ಯೋಚನೆ ಬೇಡ, ಒಂದು ಹೆಡ್‌ಲೈಟಿನ ಬೆಳಕು ಅಲ್ಲಿನವರ ಗಂಟೆಗಳ ಕೆಲಸ ಕೆಡಿಸುತ್ತದೆ. ಸಂಸ್ಥೆಯಿಂದ ತರಬೇತಿ ಪಡೆದ ಊರಿನ ಯುವಕ-ಯುವತಿಯರು ತಮ್ಮ ಹೋಮ್‌ಸ್ಟೇಗಳಲ್ಲೇ ದೂರದರ್ಶಕ ಇಟ್ಟುಕೊಂಡಿದ್ದಾರೆ. ಯಾವ ದಿಬ್ಬದಿಂದ ಯಾವ ದಿಕ್ಕು ತೆರೆದಿದೆ ಎಂದು ಅವರನ್ನೇ ಕೇಳಿ, ಆ್ಯಪ್‌ಗಿಂತ ನಿಖರವಾಗಿ ಹೇಳುತ್ತಾರೆ.

ನುಬ್ರಾ, ಸ್ಪಿತಿ ಹೇಗೆ?

ಲಡಾಖಿನ ನುಬ್ರಾ ಕಣಿವೆಯ ಹುಂದರ್ ಮರಳುದಿಬ್ಬಗಳು ಸುಮಾರು 3,100 ಮೀಟರ್ ಎತ್ತರದಲ್ಲಿವೆ, ಉಸಿರಾಟಕ್ಕೆ ಸುಲಭ. ಆದರೆ ದಕ್ಷಿಣಕ್ಕೆ ಲಡಾಖ್ ಪರ್ವತಸಾಲು ಗೋಡೆಯಂತೆ ನಿಂತಿದೆ. ಉತ್ತರದ ಗೆರೆಗಳಿಗೆ ಹೋಗಿ, ಧನು ರಾಶಿಗಾಗಿ ಹೋಗಬೇಡಿ.

ಸ್ಪಿತಿಯಲ್ಲಿ ಕಾಜಾ ಪಟ್ಟಣ ಕಣಿವೆಯ ತಳದಲ್ಲಿದೆ. ಅದಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿರುವ ಲಾಂಗ್ಝಾ, ಕೋಮಿಕ್ ಊರುಗಳಲ್ಲಿ ದಿಗಂತ ತೆರೆದುಕೊಳ್ಳುತ್ತದೆ. ಲಾಂಗ್ಝಾ 4,400 ಮೀಟರ್ ಆಸುಪಾಸು.

ಬೆಳಕಿನ ಮಾಲಿನ್ಯದ ನಕ್ಷೆ ನೋಡಿದರೆ ಸಾಲದೇ?

ಆರಂಭಕ್ಕೆ ಸಾಕು, ತೀರ್ಮಾನಕ್ಕೆ ಸಾಲದು. ಈ ನಕ್ಷೆಗಳಿಗೆ ಮಾಹಿತಿ ಕೊಡುವ ಉಪಗ್ರಹ ಹಾದುಹೋಗುವುದು ರಾತ್ರಿ ಒಂದೂವರೆಯ ಸುಮಾರಿಗೆ. ಎಂಟರಿಂದ ಹನ್ನೊಂದರವರೆಗೆ ಉರಿಯುವ ಟೆಂಟ್ ಶಿಬಿರದ ದೀಪಮಾಲೆ ಅದಕ್ಕೆ ಕಾಣುವುದೇ ಇಲ್ಲ. ಅದರ ಸಂವೇದಕ ನೀಲಿ ಬೆಳಕನ್ನೂ ಹಿಡಿಯುವುದಿಲ್ಲ, ಹಾಗಾಗಿ ಹೊಸ ಬಿಳಿ ಎಲ್‌ಇಡಿ ದೀಪಗಳು ಇರುವುದಕ್ಕಿಂತ ಮಂಕಾಗಿ ದಾಖಲಾಗುತ್ತವೆ. ಪರ್ವತ ಪ್ರದೇಶದಲ್ಲಿ ಚಿತ್ರ ಕೆಡಿಸುವುದು ಹೆಚ್ಚಾಗಿ ದೂರದ ಪಟ್ಟಣವಲ್ಲ, ಇನ್ನೂರು ಮೀಟರ್ ಆಚೆ ಹೋಮ್‌ಸ್ಟೇ ಅಂಗಳದಲ್ಲಿ ಉರಿಯುವ ಒಂಟಿ ಬಲ್ಬು. ಸಂಜೆಯೇ ಮನೆಯವರನ್ನು ಕೇಳಿದರೆ ಆರಿಸುತ್ತಾರೆ.

ಹಗಲಿನಲ್ಲಿ ಜಾಗ ನೋಡುವಾಗ ಏನೇನು ಗಮನಿಸಬೇಕು?

ಗಾಡಿಯಿಂದ ಹತ್ತು ಹೆಜ್ಜೆ ದೂರ ನಿಂತು ಕಂಪಾಸ್ ಹಿಡಿಯಿರಿ, ಕಬ್ಬಿಣದ ಪಕ್ಕದಲ್ಲಿ ಮುಳ್ಳು ಸುಳ್ಳು ಹೇಳುತ್ತದೆ. ದಕ್ಷಿಣ ಮತ್ತು ನೈರುತ್ಯಕ್ಕೆ ಬೆಟ್ಟ ಎಷ್ಟು ಮುಷ್ಟಿ ಇದೆ ಎಂದು ಅಳೆದು ಬರೆದುಕೊಳ್ಳಿ. ಮಾರ್ಗದ ತಿರುವು ನಿಮ್ಮ ಚೌಕಟ್ಟಿಗೆ ಎದುರಾಗಿದೆಯೇ ನೋಡಿ, ಗಡಿ ಮಾರ್ಗಗಳಲ್ಲಿ ರಾತ್ರಿಯೂ ಲಾರಿಗಳು ಬರುತ್ತವೆ.

ಕಣಿವೆಯ ತೀರಾ ತಳದಲ್ಲಿ ನಿಲ್ಲಬೇಡಿ. ಸೂರ್ಯ ಮುಳುಗಿದ ಮೇಲೆ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ನೀರಿನಂತೆ ಹರಿದು ಬಂದು ತಳದಲ್ಲಿ ತುಂಬಿಕೊಳ್ಳುತ್ತದೆ. ತೊರೆಯ ಪಕ್ಕದಲ್ಲಿ ಲೆನ್ಸಿನ ಮೇಲೆ ಮಂಜುಗಟ್ಟುವುದು ಇದರಿಂದಲೇ. ಇಪ್ಪತ್ತು-ಮೂವತ್ತು ಮೀಟರ್ ಮೇಲಿನ ದಿಬ್ಬದಲ್ಲಿ ಚಳಿ ಕಡಿಮೆ, ಲೆನ್ಸೂ ಒಣಗಿರುತ್ತದೆ. ತೀರಾ ನೆತ್ತಿಗೂ ಹೋಗಬೇಡಿ, ಗಾಳಿಗೆ ಟ್ರೈಪಾಡ್ ಅದುರುತ್ತದೆ. ಒಂದು ದೊಡ್ಡ ಬಂಡೆಯ ಮರೆ ಸಿಕ್ಕರೆ ಅದೇ ಅರಮನೆ.

ಸೇನಾ ಶಿಬಿರ, ಸೇತುವೆ, ರಾಡಾರ್ ಚೌಕಟ್ಟಿನೊಳಗೆ ಬರಬಾರದು. ಗಡಿ ಪ್ರದೇಶದಲ್ಲಿ ಡ್ರೋನ್ ಬೇಡವೇ ಬೇಡ.

ಮಧ್ಯಾಹ್ನ ನಾಲ್ಕಕ್ಕೆ ಮೋಡ ಕವಿದರೆ ಆ ರಾತ್ರಿ ಹೋಯಿತೇ?

ಹೋಗಿಲ್ಲ. ಬಿಸಿಲಿಗೆ ಬೆಟ್ಟದ ನೆತ್ತಿಗಳ ಮೇಲೆ ಎದ್ದ ಗುಡ್ಡೆಮೋಡಗಳು ನೆಲ ತಣಿದ ಮೇಲೆ ಕರಗುತ್ತವೆ. ಎಂಟರವರೆಗೆ ಕಾಯಿರಿ. ಆಕಾಶದ ತುಂಬ ಹಾಲಿನ ಕೆನೆಯಂತೆ ತೆಳು ಪದರ ಹಬ್ಬಿ ಸೂರ್ಯನ ಸುತ್ತ ಬಳೆ ಕಟ್ಟಿದ್ದರೆ ಮಾತ್ರ ನಿದ್ದೆ ಮಾಡುವುದೇ ಲೇಸು.

ಉಸಿರಾಟದ ತೊಂದರೆ ತಪ್ಪಿಸಿಕೊಂಡು ಹೇಗೆ ಹೋಗುವುದು?

ವಿಮಾನದಲ್ಲಿ ಲೇಹ್ ತಲುಪಿದವರು ಕನಿಷ್ಠ 48 ಗಂಟೆ ಅಲ್ಲೇ ಇರಬೇಕು, ಮೊದಲ ದಿನ ಬರೀ ವಿಶ್ರಾಂತಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎಂಬುದು ಸಾಮಾನ್ಯ ನಿಯಮ. ಲೇಹ್‌ನಿಂದ ಹಾನ್ಲೆ ಸುಮಾರು 260 ಕಿ.ಮೀ., ಒಂದೇ ಹಗಲಿನಲ್ಲಿ ತಲುಪಬಹುದು. ಆದರೆ ಮಲಗುವ ಎತ್ತರ ಏಳೆಂಟುನೂರು ಮೀಟರ್ ಏರಿಬಿಡುತ್ತದೆ. ಉಪ್ಶಿ, ಚುಮಾಥಾಂಗ್, ಮಾಹೆ, ನ್ಯೋಮಾ ದಾರಿಯಲ್ಲಿ ಚುಮಾಥಾಂಗ್‌ನಲ್ಲಿ ಒಂದು ರಾತ್ರಿ ತಂಗಿದರೆ ದೇಹಕ್ಕೆ ಬಿಡುವು ಸಿಗುತ್ತದೆ, ಬಿಸಿನೀರಿನ ಬುಗ್ಗೆಯೂ ಇದೆ.

ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಊರಿನಲ್ಲೇ ವೈದ್ಯರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ತಪ್ಪದೆ ಹೇಳಿ. ತಲೆನೋವು, ವಾಕರಿಕೆ ಇದ್ದ ರಾತ್ರಿ ಕ್ಯಾಮೆರಾ ಚೀಲದಲ್ಲೇ ಇರಲಿ. ಸುಮ್ಮನೆ ಕೂತಾಗಲೂ ಏದುಸಿರು, ನಡಿಗೆಯಲ್ಲಿ ತೂರಾಟ ಕಂಡರೆ ಬೆಳಗಾಗುವವರೆಗೆ ಕಾಯದೆ ಕೆಳಗಿಳಿಯಬೇಕು. ರಾತ್ರಿ ಒಬ್ಬರೇ ಹೊರಗಿರಬೇಡಿ ಎನ್ನುವುದೂ ಇದಕ್ಕೇ, ತೂರಾಡುತ್ತಿರುವವರಿಗೆ ತಾವು ತೂರಾಡುತ್ತಿದ್ದೇವೆಂದು ತಿಳಿಯುವುದಿಲ್ಲ.

ಚಳಿಯಲ್ಲಿ ಕ್ಯಾಮೆರಾ ಏನಾಗುತ್ತದೆ? ಎಷ್ಟು ಸೆಕೆಂಡ್ ಇಡಬೇಕು?

ಬ್ಯಾಟರಿ ಅರ್ಧದಲ್ಲೇ ಕೈಕೊಡುತ್ತದೆ. ಮೂರು ಒಯ್ಯಿರಿ, ಎರಡು ಒಳ ಜೇಬಿನಲ್ಲಿ ಮೈಗೆ ತಾಗಿಕೊಂಡಿರಲಿ. ಸತ್ತಂತೆ ಕಂಡದ್ದು ಬೆಚ್ಚಗಾದ ಮೇಲೆ ಮತ್ತೆ ಸ್ವಲ್ಪ ಹೊತ್ತು ನಡೆಯುತ್ತದೆ. ಕೆಲಸ ಮುಗಿಸಿ ನೇರ ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಉರಿಯುವ ಕೋಣೆಗೆ ಕ್ಯಾಮೆರಾ ತಂದರೆ ಒಳಗೆಲ್ಲ ನೀರಾಡುತ್ತದೆ. ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತಂದು, ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲೆ ಬಿಚ್ಚಿ. ಮೆಮೊರಿ ಕಾರ್ಡನ್ನು ಹೊರಗೇ ತೆಗೆದಿಟ್ಟುಕೊಂಡರೆ ಚಿತ್ರ ನೋಡುವ ಆತುರಕ್ಕೆ ಚೀಲ ಬಿಚ್ಚಬೇಕಾಗುವುದಿಲ್ಲ.

ಫೋಕಸ್‌ಗೆ ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬೇಡಿ. ಸೆಪ್ಟೆಂಬರ್ ಸಂಜೆ ಪ್ರಖರವಾದ ಅಭಿಜಿತ್ (ವೇಗಾ) ನಕ್ಷತ್ರ ತಲೆಯ ಮೇಲೇ ಇರುತ್ತದೆ, ಲೈವ್ ವ್ಯೂನಲ್ಲಿ ಅದನ್ನು ಹಿಗ್ಗಿಸಿ ಚುಕ್ಕೆಯಾಗುವವರೆಗೆ ತಿರುಗಿಸಿ. ಚಳಿ ಏರಿದಂತೆ ಫೋಕಸ್ ಜರುಗುತ್ತದೆ, ಗಂಟೆಗೊಮ್ಮೆ ಮತ್ತೆ ನೋಡಿ.

ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ 14 ಮಿ.ಮೀ. ಲೆನ್ಸ್, ಎಫ್ 2.8, ಐಎಸ್‌ಒ 3200, 20 ಸೆಕೆಂಡ್‌ನಿಂದ ಆರಂಭಿಸಿ. ನಕ್ಷತ್ರ ಗೆರೆಯಾಗದಂತೆ 500 ಅನ್ನು ಫೋಕಲ್ ಲೆಂಗ್ತ್‌ನಿಂದ ಭಾಗಿಸುವ ಹಳೆಯ ಲೆಕ್ಕ 35 ಸೆಕೆಂಡ್ ಎನ್ನುತ್ತದೆ. ಈಗಿನ ಸಂವೇದಕಗಳಲ್ಲಿ ಅಷ್ಟು ಇಟ್ಟರೆ ಚುಕ್ಕೆಗಳು ಅಕ್ಕಿಕಾಳಾಗುತ್ತವೆ. ಹಿಮವಿಲ್ಲದ ಕಂದು ನೆಲ ಕಪ್ಪಾಗಿಯೇ ಉಳಿಯುವುದರಿಂದ ಅದಕ್ಕೆ ಐಎಸ್‌ಒ 1600ರಲ್ಲಿ 2ರಿಂದ 4 ನಿಮಿಷದ ಬೇರೆ ಚಿತ್ರ ಬೇಕು.

ಚಿತ್ರದಲ್ಲಿ ಹಸಿರು ಪಟ್ಟೆಗಳು, ಪೂರ್ವದಲ್ಲಿ ಬಿಳಿ ಶಂಕು ಬಂದಿದೆ. ಕ್ಯಾಮೆರಾ ಕೆಟ್ಟಿದೆಯೇ?

ಜಾಗ ಚೆನ್ನಾಗಿದೆ ಎಂದರ್ಥ. ಹಸಿರು ಪಟ್ಟೆ ವಾಯುದೀಪ್ತಿ, ಸುಮಾರು 100 ಕಿ.ಮೀ. ಮೇಲೆ ಆಮ್ಲಜನಕ ಹೊಮ್ಮಿಸುವ ಬೆಳಕು. ಬಿಳಿ ಶಂಕು ರಾಶಿಚಕ್ರದ ಪ್ರಭೆ, ಗ್ರಹಗಳ ನಡುವಿನ ದೂಳಿನ ಮೇಲೆ ಬಿದ್ದ ಬಿಸಿಲು. ಶರತ್ಕಾಲದಲ್ಲಿ ನಸುಕಿಗೆ ಮುಂಚೆ ಪೂರ್ವದಲ್ಲಿ, ಫೆಬ್ರವರಿ-ಮಾರ್ಚ್ ಸಂಜೆ ಪಶ್ಚಿಮದಲ್ಲಿ ಕಾಣುತ್ತದೆ. ಊರ ದೀಪದ ಹೊಳಪು ದಿಗಂತದುದ್ದಕ್ಕೂ ಹರಡಿದ ಬೋರಲು ಬಟ್ಟಲಿನಂತೆ, ಇದು ಮೇಲಕ್ಕೆ ಚೂಪಾಗುತ್ತಾ ಓರೆಯಾಗಿ ಏರುತ್ತದೆ. ಉತ್ತರ ದಿಗಂತದಲ್ಲಿ ಕೆಂಪು ಕಂಡರೆ ಇನ್ನೂ ಅಪರೂಪ: 2024ರ ಮೇ 10-11ರ ಸೌರ ಬಿರುಗಾಳಿಯ ರಾತ್ರಿ ಹಾನ್ಲೆಯ ಕ್ಯಾಮೆರಾಗಳಲ್ಲಿ ಕೆಂಪು ಪ್ರಭೆ ದಾಖಲಾಗಿತ್ತು.

ಪರವಾನಗಿ, ಫೋನ್, ಪೆಟ್ರೋಲ್?

ಗಡಿ ಭಾಗಕ್ಕೆ ಹೋಗುವ ಮುನ್ನ ಲೇಹ್ ಆಡಳಿತದ ಜಾಲತಾಣದಲ್ಲಿ ಆಗಿನ ನಿಯಮ ನೋಡಿ ಶುಲ್ಕ ಕಟ್ಟಿ, ರಸೀದಿ ಮತ್ತು ಗುರುತಿನ ಚೀಟಿಯ ನಾಲ್ಕೈದು ಮುದ್ರಿತ ಪ್ರತಿ ಇಟ್ಟುಕೊಳ್ಳಿ. ವಿದೇಶಿ ಪಾಸ್‌ಪೋರ್ಟ್ ಇರುವ ಕನ್ನಡಿಗರಿಗೆ ನಿಯಮವೇ ಬೇರೆ, ಟಿಕೆಟ್ ಕೊಳ್ಳುವ ಮೊದಲು ವಿಚಾರಿಸಿ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಪೆಟ್ರೋಲ್ ಟ್ಯಾಂಕನ್ನು ಲೇಹ್‌ನಲ್ಲಿ ಅಥವಾ ದಾರಿಯಲ್ಲಿ ಸಿಗುವ ಕಾರು ಎಂಬ ಊರಿನಲ್ಲೇ ಭರ್ತಿ ಮಾಡಿಸಿ.